ಓಟಿಲ್ಲದ ಸದನದಲ್ಲಿ ಕೌಂಟಿಯ ಮಾತು | ಕ್ಯಾಲಿಫೋರ್ನಿಯಾ ಕಥೆಗಳು, ಭಾಗ 4

ಒಂದು ಮಸೂದೆ ಪಾಸಾದ್ರೆ ನಿಮ್ಮೂರ ಜೈಲು ತುಂಬುತ್ತೆ, ನಿಮ್ಮೂರ ಆಸ್ಪತ್ರೆಗೆ ಬರೋ ದುಡ್ಡು ಕಡಿಮೆಯಾಗುತ್ತೆ. ಆದ್ರೆ ಆ ಮಸೂದೆ ಮೇಲೆ ಓಟು ಹಾಕೋ ಹಕ್ಕು ನಿಮ್ಮೂರ ಆಡಳಿತಕ್ಕಿಲ್ಲ. ಏನು ಮಾಡ್ತೀರಿ? ಕ್ಯಾಲಿಫೋರ್ನಿಯಾದ 58 ಕೌಂಟಿಗಳಿಗೆ ಪ್ರತಿ ವರ್ಷ ಎದುರಾಗೋ ಪ್ರಶ್ನೆ ಇದು.

ಕೌಂಟಿ ಅಂದ್ರೆ ಸುಮಾರಾಗಿ ನಮ್ಮ ಜಿಲ್ಲೆ ಥರ ಅಂದುಕೊಳ್ಳಿ. ಆದರೆ ಮೇಲಿನಿಂದ ನೇಮಕವಾಗಿ ಬರುವ ಡಿ.ಸಿ. ಅಲ್ಲಿಲ್ಲ. ಜನ ಆರಿಸಿದ ಮೇಲ್ವಿಚಾರಕರ ಮಂಡಳಿ ಆಡಳಿತ ನಡೆಸುತ್ತದೆ, ಅದರಲ್ಲಿ ಐದೇ ಜನ. (ಸ್ಯಾನ್ ಫ್ರಾನ್ಸಿಸ್ಕೊ ಮಾತ್ರ ನಗರವೂ ಹೌದು, ಕೌಂಟಿಯೂ ಹೌದು. ಅಲ್ಲಿ ಹನ್ನೊಂದು.) ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು 1 ಕೋಟಿ ಜನಕ್ಕೂ ಅದೇ ಐವರು! ಜೈಲು, ಸಾರ್ವಜನಿಕ ಆರೋಗ್ಯ, ಬಡವರ ನೆರವು, ಚುನಾವಣೆ ನಡೆಸೋದು, ಎಲ್ಲ ಈ ಮಂಡಳಿಗಳ ತಲೆ ಮೇಲೆ.

ಇಷ್ಟೆಲ್ಲ ಹೊತ್ತರೂ ಕೌಂಟಿ ಸ್ವತಂತ್ರ ಅಲ್ಲ. 1850ರಲ್ಲಿ ರಾಜ್ಯ ಹುಟ್ಟಿದಾಗ ಶಾಸನಸಭೆಯೇ ಗೆರೆ ಎಳೆದು 27 ಕೌಂಟಿ ಮಾಡಿತ್ತು. ಆಮೇಲೆ ಒಡೆಯುತ್ತಾ ಹೋಗಿ, 1907ರಲ್ಲಿ ಸ್ಯಾನ್ ಡಿಯಾಗೊದಿಂದ ಬೇರ್ಪಟ್ಟ ಇಂಪೀರಿಯಲ್ ಕೊನೆಯದಾಯ್ತು. ಕೌಂಟಿಗಳು ರಾಜ್ಯದ ಉಪವಿಭಾಗಗಳು ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. ಹುಟ್ಟಿಸಿದವರ ಮುಂದೆಯೇ ನಿಂತು ‘ನೀವು ಮಾಡ್ತಿರೋದು ಸರಿಯಿಲ್ಲ’ ಅನ್ನಬೇಕಾದ ಸ್ಥಿತಿ.

ಹಾಗೆ ಅನ್ನೋಕೆ ಕಾನೂನಿನ ಒಪ್ಪಿಗೆ ಇದೆ. ಸ್ಥಳೀಯ ಸಂಸ್ಥೆಗಳು ತಮಗೆ ಒಳ್ಳೆಯದಾಗೋ ಮಸೂದೆ ಪರವಾಗಿ, ಕೆಟ್ಟದಾಗೋ ಮಸೂದೆ ವಿರುದ್ಧವಾಗಿ ಶಾಸಕರ ಮುಂದೆ ಮಾತಾಡಬಹುದು. ಹೇಗೆ ನಡೆಯುತ್ತೆ ನೋಡಿ. ಮಸೂದೆ ಮಂಡನೆಯಾದ ಕೂಡಲೇ ಕೌಂಟಿ ಸಿಬ್ಬಂದಿ ಅದನ್ನು ಓದಿ, ಸಂಬಂಧಪಟ್ಟ ಇಲಾಖೆಯನ್ನು ಕೇಳ್ತಾರೆ: ಇದು ಬಂದ್ರೆ ನಮಗೆಷ್ಟು ಖರ್ಚು, ಎಷ್ಟು ಜನ ಬೇಕು? ಮಂಡಳಿ ಮೊದಲೇ ಒಪ್ಪಿರುವ ನೀತಿಗೆ ಹೊಂದಿದರೆ ಪತ್ರ ಬೇಗ ಹೊರಡುತ್ತೆ. ಹೊಂದದಿದ್ದರೆ ವಿಷಯ ಬಹಿರಂಗ ಸಭೆಗೆ ಬರಬೇಕು. ಸಾಮಾನ್ಯ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಯಾರು ಬೇಕಾದರೂ ಎದ್ದು ಮಾತಾಡಬಹುದು. 1953ರ ಬ್ರೌನ್ ಕಾಯ್ದೆ ಕಟ್ಟಿದ ಪದ್ಧತಿ ಇದು.

ನಿಲುವು ಬರೀ ‘ಹೌದು’, ‘ಇಲ್ಲ’ ಅಲ್ಲ. ‘ತಿದ್ದಿದರೆ ಬೆಂಬಲ’, ‘ತಿದ್ದದಿದ್ದರೆ ವಿರೋಧ’, ‘ಸುಮ್ಮನೆ ಗಮನಿಸ್ತಿದ್ದೇವೆ’ ಅನ್ನೋವೂ ಇವೆ. ನನ್ನ ಪ್ರಕಾರ ನಿಜವಾದ ರಾಜಕೀಯ ಇರೋದು ಈ ‘ತಿದ್ದಿದರೆ’ಯಲ್ಲೇ. ಸಮಿತಿ ತಯಾರಿಸುವ ಮಸೂದೆಯ ವಿಶ್ಲೇಷಣೆಯ ಕೊನೆಯಲ್ಲಿ ಪರ ಯಾರು, ವಿರೋಧ ಯಾರು ಅಂತ ಪಟ್ಟಿ ಇರುತ್ತೆ. ಅಲ್ಲಿ ಕೌಂಟಿಯ ಹೆಸರು ಒಂದೇ ಸಾಲು. ಮಂಡಳಿಯಲ್ಲಿ 3–2ರಿಂದ ತೀರ್ಮಾನವಾಗಿದ್ದರೂ ಆ ಸಾಲಿನಲ್ಲಿ ಉಳಿದ ಇಬ್ಬರು ಕಾಣೋದಿಲ್ಲ. ಅವರಿಗೆ ಓಟು ಕೊಟ್ಟ ಜನವೂ ಕಾಣೋದಿಲ್ಲ.

ಈಗ ಕಥೆಯ ತಿರುವಿಗೆ ಬರೋಣ. 1976ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ‘ಸ್ಟ್ಯಾನ್ಸನ್ ವಿರುದ್ಧ ಮಾಟ್’ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಶಾಸಕರ ಮುಂದೆ ವಾದಿಸೋದು ಬೇರೆ, ಜನಮತದ ಪ್ರಚಾರ ಬೇರೆ. ಮತದಾರರಿಗೆ ಹೀಗೇ ಓಟು ಹಾಕಿ ಅಂತ ಹೇಳೋಕೆ ಸಾರ್ವಜನಿಕರ ದುಡ್ಡು ಬಳಸುವಂತಿಲ್ಲ. ನಿಷ್ಪಕ್ಷಪಾತ ಮಾಹಿತಿ ಕೊಡಬಹುದು, ಅಷ್ಟೇ.

ಎರಡೇ ವರ್ಷ. 1978ರ ಜೂನ್ 6ರಂದು ಕೌಂಟಿಗಳ ಬುಡಕ್ಕೇ ಕೊಡಲಿ ಬಿತ್ತು, ಅದೂ ಶಾಸನಸಭೆಯಿಂದಲ್ಲ, ಜನಮತದಿಂದ. ಪ್ರೊಪೊಸಿಷನ್ 13. ಆಸ್ತಿ ತೆರಿಗೆ ಮೌಲ್ಯದ ಶೇ. 1ನ್ನು ದಾಟಬಾರದು, ಮಾಲೀಕರು ಬದಲಾಗೋವರೆಗೆ ಆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸಬಾರದು. ತೆರಿಗೆ ಕಟ್ಟೋಕಾಗದೆ ಮನೆ ಕಳೆದುಕೊಳ್ಳೋ ಭಯ ಜನಕ್ಕಿತ್ತು, ಅದು ಸುಳ್ಳು ಭಯವೇನಲ್ಲ. ಇದರ ವಿರುದ್ಧ ಪ್ರಚಾರಕ್ಕೆ ಕೌಂಟಿ ತನ್ನ ಖಜಾನೆ ಮುಟ್ಟುವಂತಿರಲಿಲ್ಲ. ಬದಲಿಗೆ ಏನಾಯ್ತು ಗೊತ್ತಾ? ಮತದಾನಕ್ಕೆ ಕೆಲವೇ ವಾರ ಇರುವಾಗ ಲಾಸ್ ಏಂಜಲೀಸ್ ಕೌಂಟಿಯ ಆಸ್ತಿ ಮೌಲ್ಯಮಾಪಕ ಅಲೆಕ್ಸಾಂಡರ್ ಪೋಪ್ ಹೊಸ ಮೌಲ್ಯಗಳನ್ನು ಜನರ ಮುಂದಿಟ್ಟರು. ಎಷ್ಟೋ ಮನೆಗಳ ಮೌಲ್ಯ ಎರಡುಪಟ್ಟಾಗಿತ್ತು. ಉರಿಯೋ ಬೆಂಕಿಗೆ ತುಪ್ಪ! ಪ್ರೊಪೊಸಿಷನ್ 13 ಮೂರನೇ ಎರಡರಷ್ಟು ಓಟಿನ ಹತ್ತಿರ ಹೋಗಿ ಗೆದ್ದಿತು.

ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದದ್ದನ್ನು ಯಾರಿಗೆಷ್ಟು ಹಂಚಬೇಕು ಅಂತ ತೀರ್ಮಾನಿಸೋ ಅಧಿಕಾರ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯ್ತು. ಅಲ್ಲಿಯವರೆಗೆ ಕೌಂಟಿಯ ಪತ್ರ ಒಂದು ಅಭಿಪ್ರಾಯ. ಅಲ್ಲಿಂದಾಚೆ ಅದು ಅನ್ನದ ಪ್ರಶ್ನೆ. 1992 ಮತ್ತು 1993ರಲ್ಲಿ ರಾಜ್ಯದ ಬಜೆಟ್ ಕೈಕೊಟ್ಟಾಗ ಕೌಂಟಿಗಳ, ನಗರಗಳ ಆಸ್ತಿ ತೆರಿಗೆಯಲ್ಲಿ ಒಂದು ಭಾಗವನ್ನು ಶಾಲೆಗಳ ಕಡೆಗೆ ತಿರುಗಿಸಲಾಯ್ತು. ಶಾಲೆಗೆ ಕೊಡಬೇಡಿ ಅಂತ ಯಾರು ತಾನೇ ಹೇಳೋಕಾಗುತ್ತೆ? ಇನ್ನು ಮುಂದೆ ಹೀಗೆ ಸುಲಭವಾಗಿ ಕೈ ಹಾಕದಂತೆ ಬೇಲಿ ಬಿದ್ದದ್ದು 2004ರಲ್ಲಿ, ಪ್ರೊಪೊಸಿಷನ್ 1ಎ ಮೂಲಕ.

ಅಷ್ಟು ಪೆಟ್ಟು ತಿಂದವರು 2011ಕ್ಕೆ ಬರೋ ಹೊತ್ತಿಗೆ ಹುಷಾರಾಗಿದ್ದರು. ರಾಜ್ಯದ ಸೆರೆಮನೆಗಳು ಕಿಕ್ಕಿರಿದಿದ್ದವು. ಸಣ್ಣ, ಹಿಂಸೆಯಿಲ್ಲದ ಅಪರಾಧಗಳಿಗೆ ಹೊಸದಾಗಿ ಶಿಕ್ಷೆಯಾದವರು ಇನ್ನು ಕೌಂಟಿ ಜೈಲಿನಲ್ಲಿರಲಿ ಅನ್ನೋ ಎಬಿ 109 ಆ ಏಪ್ರಿಲ್‌ನಲ್ಲಿ ಕಾನೂನಾಯ್ತು, ಅಕ್ಟೋಬರ್ 1ರಿಂದ ಜಾರಿ. ಕೈದಿಗಳ ಜೊತೆ ದುಡ್ಡೂ ಬರುತ್ತೆ ಅಂದರು. ಈ ವರ್ಷ ಸರಿ, ಮುಂದಿನ ವರ್ಷ? ಕೌಂಟಿಗಳು ಹಿಡಿದ ಪಟ್ಟು ಇದೇ: ಬಜೆಟ್ ಪುಸ್ತಕದ ಭರವಸೆ ಸಾಲದು, ಸಂವಿಧಾನದಲ್ಲಿ ಬರೆಯಿರಿ. 2012ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 30 ಗೆದ್ದಾಗ ಹೊಸ ತೆರಿಗೆಗಳ ಜೊತೆ ಆ ಖಾತರಿಯೂ ಸಂವಿಧಾನ ಸೇರಿತು.

ಅದನ್ನು ಜನರ ಮುಂದಿಟ್ಟು ಓಟು ಕೇಳಿದ ಗವರ್ನರ್ ಜೆರ್ರಿ ಬ್ರೌನ್. 1978ರಲ್ಲಿ ಪ್ರೊಪೊಸಿಷನ್ 13 ಗೆದ್ದಾಗ ಗವರ್ನರ್ ಆಗಿದ್ದವರೂ ಇವರೇ!

ಮುಂದಿನ ಭಾಗ: 1994ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದ ಆರೆಂಜ್ ಕೌಂಟಿ.