ಟಿಕ್ ಹಾಕೋ ಮುಂಚೆ: ಲೂಪ್ ಶೀಟ್ ಅನ್ನೋ ಕಾಗದದ ಕಥೆ

ಇವತ್ತಿನ ಕಂತು ಒಂದು ಎ-4 ಕಾಗದದ ಬಗ್ಗೆ. ಅದಕ್ಕೆ ಲೂಪ್ ಶೀಟ್ ಅಂತಾರೆ. ನಾನು ಬಿ.ಕಾಂ. ಓದಿದವನು, ಸ್ಪ್ಯಾನರ್ ಹಿಡಿದವನಲ್ಲ. ಆದ್ರೆ ಕಡೂರು ತಾಲ್ಲೂಕಿನ ನಮ್ಮ ಪಂಚನಹಳ್ಳಿ ಕಡೆ ಮಳೆ ಕೈಕೊಟ್ಟಾಗ ತೆಂಗಿನ ತೋಟ ಒಂದನ್ನೇ ನಂಬಿ ಕೂರೋಕಾಗಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ್ರು ಬ್ಯಾಗ್ ಹಾಕ್ಕೊಂಡು ಪ್ರಾಜೆಕ್ಟ್ ಸೈಟುಗಳಿಗೆ ಹೊರಡ್ತಾರೆ. ನಮ್ಮ ಚಿಕ್ಕಪ್ಪನ ಮಗನೂ ಹಾಗೇ ಹೋದವನು, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಅವನ ಫೋನಿನಲ್ಲಿದ್ದ ಒಂದು ಫೋಟೊ ನೋಡಿ ಈ ವಿಷಯ ತಲೆಗೆ ಹತ್ತಿತು.

ಮೊದಲು ಲೂಪ್ ಅಂದ್ರೇನು ಹೇಳ್ಬಿಡ್ತೀನಿ. ಟ್ಯಾಂಕಿನ ಮೇಲೆ ಒಂದು ಟ್ರಾನ್ಸ್‌ಮಿಟರ್ ಇರುತ್ತೆ. ಅಲ್ಲಿಂದ ಕೇಬಲ್ ಜಂಕ್ಷನ್ ಬಾಕ್ಸಿಗೆ, ಅಲ್ಲಿಂದ ಪ್ಯಾನೆಲ್‌ಗೆ, ಕೊನೆಗೆ ಕಂಟ್ರೋಲ್ ರೂಮಿನ ಸ್ಕ್ರೀನಿಗೆ. ಈ ಇಡೀ ಸುತ್ತೇ ಲೂಪ್. ಹಿಂದೆ ಈ ಸಂದೇಶ ಹೋಗ್ತಿದ್ದಿದ್ದು ಗಾಳಿಯ ಒತ್ತಡದಲ್ಲಿ, 3ರಿಂದ 15 ಪಿಎಸ್‌ಐ. ಆಮೇಲೆ ಕರೆಂಟ್ ಬಂತು, 4ರಿಂದ 20 ಮಿಲಿಆಂಪ್. ಸೊನ್ನೆಯಿಂದ ಯಾಕೆ ಶುರು ಮಾಡಲ್ಲ ಗೊತ್ತಾ? ಟ್ಯಾಂಕ್ ಖಾಲಿ ಇದ್ರೆ 4 ಬರುತ್ತೆ, ವೈರ್ ಕಿತ್ತುಹೋದ್ರೆ 0 ಬರುತ್ತೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗ್ಲಿ ಅಂತ. ಈ ಐಡಿಯಾ ನನಗೆ ಭಾರಿ ಇಷ್ಟವಾಯ್ತು.

ಲೂಪ್ ಚೆಕ್ ಅಂದ್ರೆ ಇಷ್ಟೇ: ಫೀಲ್ಡಿನಲ್ಲಿ ಒಬ್ಬ ಕ್ಯಾಲಿಬ್ರೇಟರ್ ಹಿಡಿದು 4, 8, 12, 16, 20 ಕೊಡ್ತಾ ಹೋಗ್ತಾನೆ. ಕಂಟ್ರೋಲ್ ರೂಮಿನಲ್ಲಿ ಇನ್ನೊಬ್ಬ ವಾಕಿಟಾಕಿಯಲ್ಲಿ 0, 25, 50, 75, 100 ಅಂತ ಓದಿ ಹೇಳ್ತಾನೆ. ಸರಿಯಾದ್ರೆ ಶೀಟಿಗೆ ಮೂರು ಸಹಿ: ಗುತ್ತಿಗೆದಾರನದ್ದು, ಪ್ರಾಜೆಕ್ಟ್ ನಡೆಸೋ ಕಂಪನಿಯದ್ದು, ಮಾಲೀಕನದ್ದು. ದೊಡ್ಡ ಪ್ಲಾಂಟಿನಲ್ಲಿ ಇಂಥ ಲೂಪ್ ಸಾವಿರಾರು.

ನಮ್ಮ ಜಿಲ್ಲೆಗೆ ಇಂಥ ದೊಡ್ಡ ಪ್ರಾಜೆಕ್ಟ್ ಬಂದಿದ್ದು 1976ರಲ್ಲಿ, ಕುದುರೆಮುಖ. ಇರಾನಿನ ಶಾ ಸರ್ಕಾರದ ಸಾಲ ನಂಬಿ ಶುರುವಾದ ಗಣಿ. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ತೆಗೆಯೋ ಸಾಮರ್ಥ್ಯ, ಅದನ್ನ ನೀರಿನಲ್ಲಿ ಕಲಸಿ ಮಂಗಳೂರಿಗೆ ಇಳಿಸೋಕೆ ಸುಮಾರು 67 ಕಿಲೋಮೀಟರ್ ಪೈಪ್‌ಲೈನ್. ಅಂಥ ಪೈಪಿನಲ್ಲಿ ಒತ್ತಡ, ಸಾಂದ್ರತೆ, ಹರಿವು ತೋರಿಸೋ ಮೀಟರ್ ಸುಳ್ಳು ಹೇಳಿದ್ರೆ ಪುಡಿ ತಳದಲ್ಲಿ ಕೂತು ಪೈಪೇ ಕಟ್ಕೊಳ್ಳುತ್ತೆ. ಇರಾನಿನಲ್ಲಿ ಕ್ರಾಂತಿ ಆಗಿ ದುಡ್ಡು ನಿಂತ್ರೂ 1980ರ ಹೊತ್ತಿಗೆ ಕೆಲಸ ಮುಗೀತು.

ಆ ನಡುವೆ, 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳೀತು. ಪ್ಯಾನೆಲ್ ದೀಪ ಮಾತ್ರ ಮುಚ್ಚಿದೆ ಅಂತ ತೋರಿಸ್ತು. ಆ ದೀಪ ತೋರಿಸ್ತಿದ್ದಿದ್ದು 'ಮುಚ್ಚು' ಅನ್ನೋ ಆದೇಶ ಹೋಗಿದ್ದನ್ನ, ವಾಲ್ವ್ ನಿಜವಾಗಿ ಮುಚ್ಚಿದ್ದನ್ನಲ್ಲ.

ಆದ್ರೆ ಗುತ್ತಿಗೆ ಕೆಲಸ ಮಾಡೋರು ಕೇಳ್ಲೇಬೇಕಾದ ಕಥೆ 2005ರದ್ದು. ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿ, ಮಾರ್ಚ್ 23, ಮಧ್ಯಾಹ್ನ. ರಿಪೇರಿ ಮುಗಿಸಿ ಒಂದು ಘಟಕವನ್ನ ಮತ್ತೆ ಚಾಲೂ ಮಾಡ್ತಿದ್ರು. ಚಾಲೂ ಮಾಡೋ ಮುಂಚೆ ಎಲ್ಲಾ ಅಲಾರಂ, ಇನ್‌ಸ್ಟ್ರುಮೆಂಟ್ ಪರೀಕ್ಷೆ ಆಗ್ಬೇಕಿತ್ತು. ಟೆಕ್ನಿಷಿಯನ್‌ಗಳು ಶುರುನೂ ಮಾಡಿದ್ರು. ಟೈಮಿಲ್ಲ, ಬಿಡಿ ಅಂತ ಹೇಳಿದ್ರು. ಹೆಚ್ಚಿನವು ಪರೀಕ್ಷೆ ಆಗ್ಲೇ ಇಲ್ಲ. ಶೀಟಿನಲ್ಲಿ ಮಾತ್ರ ಆಗಿದೆ ಅಂತ ಸಹಿ ಬಿತ್ತು. 170 ಅಡಿ ಎತ್ತರದ ಗೋಪುರದಲ್ಲಿ ದ್ರವ 158 ಅಡಿಗೆ ಏರಿದಾಗ ಮೀಟರ್ ತೋರಿಸ್ತಿದ್ದಿದ್ದು ಸುಮಾರು 8 ಅಡಿ, ಅದೂ ಇಳೀತಾ ಇದೆ ಅಂತ. ಎರಡನೇ ಅಲಾರಂ ಕೂಗ್ಲಿಲ್ಲ. ಸ್ಫೋಟದಲ್ಲಿ 15 ಜನ ಸತ್ರು, 180 ಜನಕ್ಕೆ ಗಾಯ. ಸತ್ತ 15 ಜನವೂ ಗುತ್ತಿಗೆ ಕಂಪನಿಗಳ ಕೆಲಸಗಾರರು, ಬೇರೆ ಘಟಕದ ಕೆಲಸಕ್ಕೆ ಬಂದು ಹತ್ತಿರದ ಟ್ರೇಲರ್‌ಗಳಲ್ಲಿ ಇದ್ದೋರು. ಪಕ್ಕದಲ್ಲಿ ಘಟಕ ಚಾಲೂ ಆಗ್ತಿದೆ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಮೀಟರಿನ ವೈರ್ ಕಿತ್ತುಹೋಗಿರ್ಲಿಲ್ಲ. 4-20 ಕೊಟ್ಟು ನೋಡಿದ್ರೆ ಲೂಪ್ ಪಾಸ್ ಆಗ್ತಿತ್ತೇನೋ. ಕೆಟ್ಟಿದ್ದು ಕ್ಯಾಲಿಬ್ರೇಷನ್. 1975ರ ಹಳೇ ಡೇಟಾ ಶೀಟ್ ಇಟ್ಕೊಂಡು, ಬೇರೆ ಸಾಂದ್ರತೆಯ ದ್ರವದ ಲೆಕ್ಕದಲ್ಲಿ ಸೆಟ್ ಮಾಡಿದ್ರು. ಹಾಗಾಗಿ ಲೂಪ್ ಫೋಲ್ಡರಿನಲ್ಲಿ ಕ್ಯಾಲಿಬ್ರೇಷನ್ ಸರ್ಟಿಫಿಕೇಟು, ಡೇಟಾ ಶೀಟಿನ ಈಗಿನ ಆವೃತ್ತಿ, ಎರಡನ್ನೂ ಪಕ್ಕ ಇಟ್ಟು ನೋಡದೆ ಸಹಿ ಹಾಕೋಕೆ ಬಿಡಬಾರದು.

ಈಗ ಕಾಮರ್ಸ್‌ನವನ ಪ್ರಶ್ನೆ. ದುಡ್ಡು ಯಾವಾಗ ಬರುತ್ತೆ? ಸಹಿ ಬಿದ್ದಾಗ. ದೊಡ್ಡ ಕಂಪನಿಗೆ 'ಮೆಕಾನಿಕಲ್ ಕಂಪ್ಲೀಷನ್' ಆದ್ರೆ ಒಂದು ಕಂತು, ಸಣ್ಣ ಗುತ್ತಿಗೆದಾರನಿಗೆ ಎಷ್ಟು ಲೂಪೋ ಅಷ್ಟು ಬಿಲ್, ಅವನ ಕೆಳಗಿನವನು ದಿನಗೂಲಿ. ಕೇಬಲ್ ಎಳೆದೋನು ಒಬ್ಬ, ಟರ್ಮಿನೇಷನ್ ಮಾಡಿದೋನು ಇನ್ನೊಬ್ಬ, ಪ್ಯಾನೆಲ್ ಕೊಟ್ಟೋನು ಮತ್ತೊಬ್ಬ. ಲೂಪ್ ಫೇಲಾದ್ರೆ ಮೂವರೂ ಬೆರಳು ತೋರ್ಸೋದು ಪಕ್ಕದವನ ಕಡೆ. ಅಲ್ಲಿವರೆಗೆ ಫೀಲ್ಡಿನಲ್ಲಿ ಕಾಯ್ತಾ ನಿಂತ ಹುಡುಗನ ದಿನ ಹಾಳು.

ನನ್ನ ತಮ್ಮನ ಫೋಟೊದಲ್ಲಿದ್ದಿದ್ದು ಅದೇ. ಮಧ್ಯಾಹ್ನದೊಳಗೆ 40 ಶೀಟ್ ಮುಗಿಸಿ ಅಂದಿದ್ರಂತೆ. ಇವನು ಒಂದು ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ 'ಅಲಾರಂ ಪರೀಕ್ಷೆ ಆಗಿಲ್ಲ' ಅಂತ ಬರೆದು, ಟೈಮ್ ಹಾಕಿ, ಫೋಟೊ ತಕ್ಕೊಂಡು ಕೊಟ್ಟ. "ಅಣ್ಣಾ, ಬೈದ್ರು. ಆದ್ರೆ ಆ ಶೀಟ್ ಪಂಚ್ ಲಿಸ್ಟಿಗೆ ಹೋಯ್ತು," ಅಂದ. ಪಂಚ್ ಲಿಸ್ಟ್ ಅಂದ್ರೆ ಬಾಕಿ ಕೆಲಸದ ಪಟ್ಟಿ. ಅದರಲ್ಲಿ 'ಎ' ಅಂತ ಬಿದ್ರೆ ಅದು ಸರಿಯಾಗೋವರೆಗೆ ಚಾಲೂ ಮಾಡೋ ಹಾಗಿಲ್ಲ. ಗುತ್ತಿಗೆದಾರರನ್ನ ಸಂಭಾಳಿಸೋದು ಅಂತ ದೊಡ್ಡ ದೊಡ್ಡ ಮಾತು ಕೇಳಿದೀನಿ. ಇದನ್ನ 'ಬಿ'ಗೆ ಇಳಿಸ್ಬಿಡೋಣ ಅನ್ನೋ ಫೋನ್ ಬಂದಾಗ ಇಲ್ಲ ಅನ್ನೋ ಎಂಜಿನಿಯರ್ ಅಲ್ಲಿದಾನಾ ಅನ್ನೋದೇ ಮುಖ್ಯ ಅಂತ ನನಗನ್ಸುತ್ತೆ.

ಇನ್ನೊಂದು ಮಾತು, ಸೈಟಿಗೆ ಹೊರಟಿರೋರಿಗೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು: ಗುತ್ತಿಗೆದಾರ ಕೂಲಿ ಕೊಡದಿದ್ರೆ ಮೂಲ ಮಾಲೀಕ ಕೊಟ್ಟು, ಆಮೇಲೆ ಅವನಿಂದ ವಸೂಲಿ ಮಾಡ್ಕೋಬೇಕು. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯಾ ಅಂತ ಮೊದಲ ದಿನವೇ ನೋಡ್ಕೊಳ್ಳಿ, ಅದರ ಫೋಟೊನೂ ಇರ್ಲಿ.

ಕುದುರೆಮುಖದ ಗಣಿ ನಿಂತಿದ್ದೂ 2005ರ ಕೊನೆಗೇ, ಸುಪ್ರೀಂ ಕೋರ್ಟ್ ಆದೇಶದಂತೆ. ಆ ಕಥೆ ಮುಂದಿನ ಕಂತಿಗೆ.