ಮನೆಯೊಳಗಿನ ಮಗ್ಗ, ಊರೊಳಗಿನ ಸಂಘ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದಲ್ಲಿ ಮೊದಲಿನಿಂದಲೂ ಎಷ್ಟೋ ಮಂದಿಗೆ ಮನೆಯೇ ಕಾರ್ಖಾನೆ. ಪಡಸಾಲಿಯಲ್ಲಿ ಕುಣಿಮಗ್ಗ, ಅದರ ಪಕ್ಕದಲ್ಲಿ ತೊಟ್ಟಿಲು, ಒಳಗೆ ಒಲಿ. ಗುಳೇದಗುಡ್ಡ ಅಂದರೆ ಖಣ, ಇಳಕಲ್ಲ ಅಂದರೆ ಸೀರಿ. ಮನ್ಯಾಗ ಕುಂತು ಉದ್ಯೋಗ ಮಾಡುವವನಿಗೆ ಗಂಟೆ ಬಾರಿಸಿ ಕರೆಯುವ ಮಾಲಕನಿಲ್ಲ, ಅದು ಸುಖವೇ. ಆದರೆ ಮನಸ್ಸು ಕುಗ್ಗಿ ಮಗ್ಗಕ್ಕೆ ಇಳಿಯದೆ ಕುಂತಾಗ ಯಾಕಪ್ಪಾ ಅಂತ ಕೇಳುವವರೂ ಇಲ್ಲ. ಹಿಂದಿನವರು ಇದನ್ನು ಹೆಂಗ ನಿಭಾಯಿಸಿದರು?

ಇಳಕಲ್ಲ ಸೀರೆಯನ್ನೇ ನೋಡಿರಿ. ಒಡಲು ಒಂದು ಹಾಸು, ಸೆರಗು ಮತ್ತೊಂದು ಹಾಸು. ಒಡಲಿಗೆ ಹತ್ತಿಯ ಎಳೆ ಇದ್ದರೂ ಸೆರಗಿಗೆ ಕೆಂಪು ರೇಷ್ಮೆಯೋ ಚಮಕಾವೋ ಬರುತ್ತದೆ. ಈ ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಂತೆ ಸಿಕ್ಕಿಸಿ ಕೂಡಿಸಬೇಕು. ಇದಕ್ಕೇ ಕೊಂಡಿ ಹಾಕುವುದು ಅನ್ನುತ್ತಾರೆ. ಆಮೇಲೆ ಕೆಂಪು ಬಿಳುಪಿನ ತೋಪ ತೆನಿ ಸೆರಗು ಏಳುತ್ತದೆ. ಲಾಳಿ ಒಗೆಯುವವನು ಒಬ್ಬನೇ ಇರಬಹುದು, ಆದರೆ ನೂಲಿಗೆ ಗಂಜಿ ಹಾಕುವುದು, ಹಾಸು ಹಿಡಿಯುವುದು, ಕಂಡಿಕಿ ಸುತ್ತುವುದು, ಕೊಂಡಿ ಹಾಕುವುದು ಇವೆಲ್ಲ ಒಬ್ಬನ ಕೈಯಿಂದ ಆಗುವ ಕೆಲಸಗಳಲ್ಲ. ಮನೆಯ ಹೆಂಗಸರು, ಹುಡುಗರು, ಕಡಿಮೆ ಬಿದ್ದರೆ ಓಣಿಯವರು ಕೈ ಹಚ್ಚಬೇಕು. ಇಂಥ ಕೆಲಸಕ್ಕೆ "ಸ್ವಲ್ಪ ಬಾರೋ ತಮ್ಮಾ" ಅಂತ ಕರೆಯಲು ಯಾವ ನೇಕಾರನೂ ನಾಚಿಕೊಂಡಿಲ್ಲ.

ರೊಕ್ಕದ ಮಾತು ಬಂದಾಗ ಮಾತ್ರ ಬಾಯಿ ಕಟ್ಟುತ್ತಿತ್ತು. ಅದನ್ನು ಓಣಿಯಲ್ಲಿ ಕೇಳಿದರೆ ಮರ್ಯಾದೆ ಹೋಗುತ್ತದೆ ಅಂತ, ಕತ್ತಲಾದ ಮೇಲೆ ಸಾವುಕಾರನ ಮನೆಗೆ ಹೋಗುವುದು. ನೂಲು ಅವನದು, ಸೀರಿ ಅವನದು, ಕೂಲಿಯಷ್ಟೇ ಇವನದು. ಆ ಕೂಲಿಯಲ್ಲೂ ಹಳೇ ಸಾಲ ಮುರಿದುಕೊಂಡು ಉಳಿದದ್ದು ಕೈಗೆ. ಸಾವುಕಾರರೆಲ್ಲ ಕೆಟ್ಟವರಿದ್ದರು ಅಂತ ನಾನು ಹೇಳಲಾರೆ. ಅಡಚಣಿಯಲ್ಲಿ ಮೊದಲು ಬಾಗಿಲು ತೆಗೆದವರು ಅವರೇ. ಆದರೆ ಕಷ್ಟ ಊರಿಗೆಲ್ಲ ಬಂದಾಗ ಆ ಬಾಗಿಲೂ ಮುಚ್ಚುತ್ತಿತ್ತು. 1876–78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಆಗಿನ ಕಲಾದಗಿ ಜಿಲ್ಲೆ ಬಹಳ ನೊಂದಿತು. ಬೆಳೆ ಹೋದರೆ ಒಕ್ಕಲಿಗ ಬಟ್ಟೆ ಕೊಳ್ಳುವುದಿಲ್ಲ. ಹಿಂಗಾಗಿ ಹೊಲವಿಲ್ಲದ ನೇಕಾರನಿಗೂ ಬರ ಬಂತು.

ದೂರದ ಇಂಗ್ಲೆಂಡಿನಲ್ಲೂ ನೇಕಾರರ ಕಥೆ ಬೇರೆಯಿರಲಿಲ್ಲ. ರಾಚ್‌ಡೇಲ್ ಎಂಬ ಊರಿನಲ್ಲಿ 28 ಮಂದಿ, ಅವರಲ್ಲಿ ನೇಕಾರರೂ ಇದ್ದರು, ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಸುತ್ತ ತಲೆಗೊಂದು ಪೌಂಡ್ ಬಂಡವಾಳ ಮಾಡಿ 1844ರ ಡಿಸೆಂಬರ್ 21ರಂದು ಅಂಗಡಿ ತೆಗೆದರು. ಹಿಟ್ಟು, ಬೆಣ್ಣಿ, ಸಕ್ಕರಿ, ಮೇಣಬತ್ತಿ ಇಷ್ಟೇ ಸಾಮಾನು. ಸಹಕಾರಿ ಚಳವಳಿಯ ಮೂಲ ಅಂತ ಜಗತ್ತು ಇಂದಿಗೂ ಹೆಸರಿಸುವುದು ಆ ಅಂಗಡಿಯನ್ನು.

ನಮ್ಮಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕಿದೆ; ನಮ್ಮ ಊರುಗಳಿಂದ ಅದು ಒಂದು ಹಗಲಿನ ದಾರಿಯೂ ಅಲ್ಲ. ಆ ಕಾಯ್ದೆಯ ಪ್ರಕಾರ ಹಳ್ಳಿ ಸಂಘಗಳಲ್ಲಿ ಹೊಣೆ ಅನಿಯಮಿತ. ಅಂದರೆ ಒಬ್ಬ ಮುಳುಗಿದರೆ ಉಳಿದವರೂ ತೆರಬೇಕು. ಕೇಳಲು ಭಯವಾಗುತ್ತದೆ, ಆದರೆ ಇದರಿಂದ ಒಂದು ಒಳ್ಳೆಯದಾಯಿತು. ಪಕ್ಕದವನ ಅಡಚಣಿ ತನಗೂ ಸಂಬಂಧಪಟ್ಟದ್ದು ಎಂಬುದು ಲೆಕ್ಕದ ಪುಸ್ತಕಕ್ಕೇ ಬಂತು. ನೇಕಾರರಿಗೆ ಹೆಚ್ಚು ಉಪಯೋಗವಾದದ್ದು 1912ರ ಕಾಯ್ದೆ. ಸಾಲ ಕೊಡುವುದಷ್ಟೇ ಅಲ್ಲ, ನೂಲು ಕೊಳ್ಳುವ, ಮಾಲು ಮಾರುವ ಸಂಘಗಳಿಗೂ ಅದು ದಾರಿ ಮಾಡಿತು. ಓಣಿಯಲ್ಲಿ ಕೊಂಡಿಗೆ ಕರೆದಂತೆ ರೊಕ್ಕಕ್ಕೂ ಹಗಲಲ್ಲೇ ಕರೆಯಬಹುದಾದ ಜಾಗ ಒಂದು ಹುಟ್ಟಿತು.

ಮುಂದಿನದು ಬಹಳರಿಗೆ ಗೊತ್ತಿದ್ದದ್ದೇ. 1975ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಬಂತು, 1985ರಲ್ಲಿ ಕೆಲವು ಮಾಲುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂತು, ಇಳಕಲ್ಲ ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಆದರೂ ವಿದ್ಯುತ್ ಮಗ್ಗದ ಸೀರಿ ಅದೇ ಹೆಸರಿನಲ್ಲಿ ಕಡಿಮೆ ದರಕ್ಕೆ ಸಂತಿಗೆ ಬರುತ್ತದೆ. ಎದುರಿಗೆ ಅಂಥ ಮಾಲು ಇರುವಾಗ ಬೆಳಿಗ್ಗೆ ಎದ್ದು ಕುಣಿಗೆ ಕಾಲು ಇಳಿಬಿಡಲು ಗಟ್ಟಿ ಮನಸ್ಸು ಬೇಕು. ಕಾಯಕದ ಮಾತು ಹೇಳಿ ಉತ್ಸಾಹ ತುಂಬುವವರು ವೇದಿಕೆಗಳಲ್ಲಿ ಬಹಳ ಇದ್ದಾರೆ. ಕೂಡಲಸಂಗಮದ ಸೀಮೆಯವರಾದ ನಮಗೆ ಆ ಮಾತು ಹೊಸದಲ್ಲ. ಖಾಲಿ ಮಗ್ಗಕ್ಕೆ ಬೇಕಾದದ್ದು ವೇಳೆಗೆ ಸರಿಯಾಗಿ ನೂಲು, ನೆಯ್ದದ್ದಕ್ಕೆ ತಡಮಾಡದ ಬಟವಾಡೆ. ಇವೆರಡೂ ಇದ್ದಲ್ಲಿ ಉತ್ಸಾಹ ತಾನೇ ಬರುತ್ತದೆ ಎಂಬುದು ನನ್ನ ತಿಳಿವಳಿಕೆ.

ಹೆಂಗಸರ ವಿಷಯ ಹೇಳಲೇಬೇಕು. 2019–20ರ ಕೈಮಗ್ಗ ಗಣತಿಯಂತೆ ದೇಶದ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ಕಂಡಿಕಿ ಸುತ್ತುವ ಅವ್ವ ಅಕ್ಕಂದಿರ ದುಡಿಮೆ ಗಂಡಸಿನ ಕೂಲಿಯೊಳಗೇ ಕರಗಿಹೋಗುತ್ತಿತ್ತು. 2000ದ ಸುಮಾರಿಗೆ ಸ್ತ್ರೀಶಕ್ತಿ ಗುಂಪುಗಳು ಆದಮೇಲೆ ಅವರ ಹೆಸರಿನಲ್ಲಿ ಪಾಸ್‌ಬುಕ್ಕು ಬಂದವು, ವಾರದ ಉಳಿತಾಯ ಬಂತು. ಕಷ್ಟವನ್ನು ನಾಲ್ಕು ಮಂದಿಯ ಮುಂದೆ ಹೇಳುವ ರೂಢಿಯಲ್ಲಿ ಅವರು ಗಂಡಸರಿಗಿಂತ ಮುಂದೆ ಹೋದರು ಅಂದರೆ ಯಾರೂ ಸಿಟ್ಟಾಗಬಾರದು.

ಅದೇ ಕಾಲಕ್ಕೆ ಮನೆಬಾಗಿಲಿಗೇ ಸಾಲ ತಂದುಕೊಡುವ ಕಂಪನಿಗಳೂ ಬಂದವು. ಒಂದರ ಕಂತಿಗೆ ಇನ್ನೊಂದರ ಸಾಲ. ವಸೂಲಿಯ ಕಿರುಕುಳ ಎಷ್ಟರಮಟ್ಟಿಗೆ ಹೋಯಿತೆಂದರೆ 2025ರಲ್ಲಿ ರಾಜ್ಯ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಇಂಥ ಸಾಲ ಮಾಡಿದವರು ಸಂಘದ ಕಟ್ಟಿ ಹತ್ತುವುದು ಬಹುತೇಕ ಕೊನೆಗೆ, ಮಗ್ಗ ಮಾರುವ ಮಾತು ಬಂದಮೇಲೆ. ಮೊದಲ ಕಂತು ತಪ್ಪಿದ ವಾರವೇ ಬಂದು ಕಾರ್ಯದರ್ಶಿಗಳ ಮುಂದೆ ಕುಂತು ಇದ್ದದ್ದು ಇದ್ದಂತೆ ಹೇಳಿದರೆ, ನೂಲಿನ ಬಾಕಿ ಮುಂದೂಡಲು, ಹೊಸ ಹಾಸಿಗೆ ನೂಲು ಕೊಡಲು ಆಡಳಿತ ಮಂಡಳಿಗೆ ಇನ್ನೂ ದಾರಿ ಇರುತ್ತದೆ.