ಸೈಕಲ್ ಹತ್ತಿದವರು, ಇಳಿಸಿದವರು

ಭಾನುವಾರ ಬೆಳಿಗ್ಗೆ ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಓಡಾಡುವ ನಮ್ಮ ಕಡೆಯವರಿಗೆ ಈ ನೋಟ ಹೊಸದೇನಲ್ಲ. ತಲೆಗೆ ಹೆಲ್ಮೆಟ್, ಮೈಗಂಟಿದ ಬಣ್ಣದ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡ ಸೈಕಲ್ ಸವಾರರು ಕುಣಿಗಲ್ ದಾಟಿ ಯಡಿಯೂರಿನ ಕಡೆಗೆ ಸಾಲಾಗಿ ಬರುತ್ತಿರುತ್ತಾರೆ. ಟೀ ಅಂಗಡಿ ಮುಂದೆ ನಿಂತರೆ ನಾಲ್ಕು ಜನ ಸುತ್ತ ಸೇರುತ್ತಾರೆ. ಮೊದಲ ಪ್ರಶ್ನೆ ಸೈಕಲ್ಲಿನ ರೇಟು. ಎರಡನೆಯದು, 'ಎಲ್ಲಿಗೆ ಹೊರಟ್ರಿ ಸಾರ್, ಏನ್ ಕೆಲಸ?' ಕೆಲಸ ಏನೂ ಇಲ್ಲ, ಸುಮ್ಮನೆ ಹೊಡೀತಿದೀವಿ ಅಂದರೆ ಕೇಳಿದವರಿಗೆ ನಗು ಬರುತ್ತದೆ.

ಆ 'ಸುಮ್ಮನೆ' ಎನ್ನುವ ಮಾತಿನ ಬೆನ್ನು ಹತ್ತಿ ಈ ಬರಹ ಬರೆಯುತ್ತಿದ್ದೇವೆ. ಸುಮ್ಮನೆ ಸೈಕಲ್ ಹೊಡೆಯುವ ಭಾಗ್ಯ ಯಾರಿಗೆ ಸಿಕ್ಕಿತ್ತು, ಯಾರಿಗೆ ಸಿಕ್ಕಿರಲಿಲ್ಲ?

ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಎಂದರೆ ತೆಂಗಿನ ಸೀಮೆ. ಇಲ್ಲಿ ಸೈಕಲ್ ಬಂದದ್ದೇ ದುಡಿಯುವುದಕ್ಕೆ. ಕ್ಯಾರಿಯರ್ ಮೇಲೆ ಕಾಯಿ ಚೀಲ, ಎರಡು ಪಕ್ಕಕ್ಕೂ ಎಳನೀರು ಗೊನೆ, ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಸಂಜೆ ಹೊಲದಿಂದ ಮೇವಿನ ಹೊರೆ. ಐಸ್‌ಕ್ಯಾಂಡಿಯವನು, ಮೀನಿನವನು, ಪಾತ್ರೆಗೆ ಹಳೇ ಬಟ್ಟೆ ಕೊಳ್ಳುವವನು, ಪೋಸ್ಟ್‌ಮ್ಯಾನ್, ಎಲ್ಲರೂ ಬಂದದ್ದು ಸೈಕಲ್ಲಿನಲ್ಲೇ. ಸೋನಿಪತ್ತಿನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೋ 1956ರಲ್ಲಿ ಶುರುವಾದ ಮೇಲೆ ಸೈಕಲ್ ನಿಧಾನಕ್ಕೆ ಹಳ್ಳಿಯ ಕೈಗೆ ಎಟುಕುವಂತಾಯಿತು. ಅದಕ್ಕೂ ಮುಂಚೆ ಅದು ದೊಡ್ಡ ಮನೆಯ ಪದಾರ್ಥ. ಮದುವೆಯಲ್ಲಿ ಅಳಿಯನಿಗೆ ಸೈಕಲ್, ವಾಚು, ರೇಡಿಯೋ ಕೊಟ್ಟರೆ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು.

ಖುಷಿಗೆ ಹೊಡೆದವರು ಇರಲೇ ಇಲ್ಲವೇ? ಇದ್ದರು, ಹುಡುಗರು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಸೀಟಿಗೆ ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದವರು. ಮೊಣಕಾಲಿನ ಗಾಯದ ಗುರುತು ಈಗಲೂ ಇರುವ ಓದುಗರು ನಮ್ಮಲ್ಲಿ ಬಹಳ ಮಂದಿ ಇರಬೇಕು. ಇನ್ನು ದೊಡ್ಡವರಿಗೆ ಸೈಕಲ್ ಸರ್ಕಸ್ ಇತ್ತು. ಶಾಲೆ ಮೈದಾನದಲ್ಲಿ ಒಂದು ಕಂಬ ನೆಟ್ಟು, ಮೈಕ್ ಕಟ್ಟಿ, ಒಬ್ಬ ಮನುಷ್ಯ ಐದಾರು ದಿನ ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತು ಹೊಡೆಯುವುದು. ಊಟ, ಸ್ನಾನ, ಶೇವಿಂಗ್ ಎಲ್ಲ ಸೈಕಲ್ ಮೇಲೆಯೇ. ನಡುನಡುವೆ ಸಿನಿಮಾ ಹಾಡಿಗೆ ಕುಣಿತ, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಯುವುದು. ಕೊನೆಯ ದಿನ ಊರವರು ಅಂಗಿಗೆ ನೋಟು ಸಿಕ್ಕಿಸುತ್ತಿದ್ದರು. ನಮ್ಮ ಹಳ್ಳಿಗಳು ಕಂಡ ದೊಡ್ಡ ಸೈಕಲ್ ಮನರಂಜನೆ ಅದು. ಆದರೆ ಅಲ್ಲಿಯೂ ಖುಷಿ ನೋಡುವವರದ್ದು, ಹೊಡೆಯುವವನದ್ದು ಹೊಟ್ಟೆಪಾಡು. ಹಾಗೆ ಸುತ್ತು ಹೊಡೆದವರ ಹೆಸರು, ಊರು, ಜಾತಿ ಯಾರೂ ಬರೆದಿಡಲಿಲ್ಲ.

ಈಗ ಕೇಳಲು ಸ್ವಲ್ಪ ಕಷ್ಟವಾಗುವ ಮಾತಿಗೆ ಬರೋಣ. ದಕ್ಷಿಣ ಭಾರತದ ಬಹಳಷ್ಟು ಹಳ್ಳಿಗಳಲ್ಲಿ ಕೇರಿಯವರು ಸೈಕಲ್ ಕೊಂಡರೂ ಊರೊಳಗೆ ಅದರ ಮೇಲೆ ಕೂತು ಹೋಗುವಂತಿರಲಿಲ್ಲ. ಮೇಲ್ಜಾತಿಯವರ ಬೀದಿ ಬಂದ ಕೂಡಲೇ ಇಳಿಯಬೇಕು, ತಳ್ಳಿಕೊಂಡು ಹೋಗಬೇಕು, ಬೀದಿ ಮುಗಿದ ಮೇಲೆ ಮತ್ತೆ ಹತ್ತಬೇಕು. ಚಪ್ಪಲಿ ಕೈಯಲ್ಲಿ ಹಿಡಿಯುವುದು, ಹೆಗಲ ಮೇಲಿನ ಟವಲ್ ತೆಗೆಯುವುದು, ಇವುಗಳ ಸಾಲಿಗೆ ಸೈಕಲ್ ಇಳಿಯುವುದೂ ಸೇರಿತು. ಚಪ್ಪಲಿ, ಟವಲ್ಲಿನ ಕಟ್ಟಳೆ ಹಳೆಯವು. ಸೈಕಲ್ಲಿನದು ಮಾತ್ರ ಸೈಕಲ್ ಬಂದ ಮೇಲೆಯೇ ಹುಟ್ಟಿದ್ದು. ಹೊಸ ವಸ್ತು ಬಂದರೆ ಅದಕ್ಕೆ ಹೊಸ ಕಟ್ಟಳೆ ಮಾಡಿಕೊಳ್ಳಲು ಜಾತಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಸೈಕಲ್ ಮೇಲೆ ಯಾಕೆ ಅಷ್ಟು ಕಣ್ಣು? ಜಗುಲಿಯ ಮೇಲೆ ಕೂತವರ ಲೆಕ್ಕ ಹಾಕಿ ನೋಡಿ. ಸೀಟಿನ ಮೇಲೆ ಕೂತವನ ತಲೆ ಜಗುಲಿಯಲ್ಲಿ ಕೂತವರ ತಲೆಗೆ ಸಮ ಬರುತ್ತದೆ, ಕೆಲವೊಮ್ಮೆ ಅದಕ್ಕಿಂತ ಮೇಲೂ ಹೋಗುತ್ತದೆ. ಕಾಯಿ ಚೀಲ ಹೇರಿಕೊಂಡು ತಳ್ಳಿಕೊಂಡು ಹೋಗುವವನನ್ನು ಯಾರೂ ತಡೆಯಲಿಲ್ಲ, ಅವನು ಕೆಲಸದವನು. ಬೆಲ್ ಹೊಡೆಯುತ್ತಾ ಖಾಲಿ ಸೈಕಲ್ಲಿನಲ್ಲಿ ಹಾಡು ಗುನುಗುತ್ತಾ ಹೋಗುವವನು ಕಣ್ಣಿಗೆ ಚುಚ್ಚಿದ. ಅವರಿಗೆ ಸಹಿಸಲಾಗದ್ದು ಸೈಕಲ್ಲಿಗಿಂತ ಹೆಚ್ಚಾಗಿ ಆ 'ಸುಮ್ಮನೆ' ಎಂದೇ ನಮಗೆ ಅನ್ನಿಸುವುದು.

ಹೆಚ್ಚುಕಡಿಮೆ ಇಂಥದೇ ಜಗಳ ಅಮೆರಿಕದಲ್ಲಿ ನಡೆದು 130 ವರ್ಷ ಆಯಿತು. ಅಲ್ಲಿ ಜಾತಿಯ ಜಾಗದಲ್ಲಿ ಮೈಬಣ್ಣ ಇತ್ತು. 1890ರ ಹೊತ್ತಿಗೆ ಅಲ್ಲಿ ಸೈಕಲ್ ಹುಚ್ಚು ಏರಿತ್ತು. 'ಲೀಗ್ ಆಫ್ ಅಮೆರಿಕನ್ ವ್ಹೀಲ್‌ಮೆನ್' ಎಂಬ ಸಂಘ ಇಡೀ ದೇಶದ ಸೈಕಲ್ ಸವಾರರ ಸಂಘ. ಒಳ್ಳೆಯ ರಸ್ತೆ ಬೇಕು ಎಂದು ಸರ್ಕಾರದ ಜತೆ ಗುದ್ದಾಡಿದ ಸಂಘವೂ ಅದೇ. 1894ರಲ್ಲಿ ಲೂಯಿವಿಲ್ ಎಂಬ ಊರಲ್ಲಿ ಸಭೆ ಸೇರಿ, ಬಿಳಿಯರು ಮಾತ್ರ ಸದಸ್ಯರಾಗಬಹುದು ಎಂದು ನಿಯಮ ಬರೆದುಕೊಂಡಿತು.

ಬಾಸ್ಟನ್ನಿನಲ್ಲಿ ಕಿಟ್ಟಿ ನಾಕ್ಸ್ ಎಂಬ ಹೆಣ್ಣುಮಗಳಿದ್ದಳು. ತಂದೆ ಕಪ್ಪು ವರ್ಣದವನು, ತಾಯಿ ಬಿಳಿಯಳು. ಬಟ್ಟೆ ಹೊಲಿದು ಜೀವನ. ಉದ್ದ ಲಂಗ ಚೈನಿಗೆ ಸಿಕ್ಕಿಕೊಳ್ಳುತ್ತದೆ ಎಂದು ತನಗೆ ತಾನೇ ಚಡ್ಡಿಯಂಥ ಉಡುಪು ಹೊಲಿದುಕೊಂಡು ಸೈಕಲ್ ಹೊಡೆಯುತ್ತಿದ್ದಳು. ಆ ನಿಯಮ ಬರುವುದಕ್ಕಿಂತ ಒಂದು ವರ್ಷ ಮುಂಚೆ, 1893ರಲ್ಲೇ ಸಂಘಕ್ಕೆ ಸೇರಿದ್ದಳು. 1895ರಲ್ಲಿ ಆಸ್ಬರಿ ಪಾರ್ಕ್ ಎಂಬಲ್ಲಿ ಸಂಘದ ವಾರ್ಷಿಕ ಜಾತ್ರೆಗೆ ಹೋದಾಗ ಅವಳಿಗೆ ಬ್ಯಾಡ್ಜ್ ಕೊಡಲು ತಕರಾರು ತೆಗೆದರು. ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿಯಾಯಿತು. ಕೊನೆಗೆ ಸಂಘವೇ, ನಿಯಮಕ್ಕೆ ಮುಂಚೆ ಸೇರಿದವಳು, ತೆಗೆಯಲು ಬರುವುದಿಲ್ಲ ಎಂದು ಒಪ್ಪಬೇಕಾಯಿತು. ನಾಕ್ಸ್ 1900ರಲ್ಲಿ ಇಪ್ಪತ್ತಾರು ವಯಸ್ಸಿಗೇ ತೀರಿಕೊಂಡಳು.

ಮಾರ್ಷಲ್ ಟೇಲರ್ ಕಥೆ ಇನ್ನೂ ದೊಡ್ಡದು. 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ. ತಂದೆ ಸಾಹುಕಾರರ ಮನೆಯಲ್ಲಿ ಕುದುರೆ ಗಾಡಿ ಹೊಡೆಯುತ್ತಿದ್ದ, ಆ ಮನೆಯವರೇ ಹುಡುಗನಿಗೆ ಸೈಕಲ್ ಕೊಟ್ಟರು. ಸೈಕಲ್ ಅಂಗಡಿಯೊಂದರ ಮುಂದೆ ಸಿಪಾಯಿ ಬಟ್ಟೆ ಹಾಕಿಕೊಂಡು ಕಸರತ್ತು ಮಾಡಿ ಗಿರಾಕಿ ಸೇರಿಸುವುದು ಅವನ ಕೆಲಸ. ಅದರಿಂದಲೇ 'ಮೇಜರ್' ಎಂಬ ಅಡ್ಡಹೆಸರು. 1896ರಲ್ಲಿ, ಹದಿನೆಂಟು ತುಂಬಿದ ಹೊಸದರಲ್ಲಿ, ನ್ಯೂಯಾರ್ಕ್‌ನಲ್ಲಿ ಆರು ದಿನದ ಸೈಕಲ್ ಪಂದ್ಯಕ್ಕೆ ಇಳಿದ. ಆರು ದಿನ ಒಂದೇ ಕಟ್ಟಡದೊಳಗೆ ಸುತ್ತು ಹೊಡೆಯುವುದು, ಟಿಕೆಟ್ ಕೊಂಡ ಜನ ನೋಡುವುದು. ನಮ್ಮ ಸೈಕಲ್ ಸರ್ಕಸ್ಸಿನ ದೊಡ್ಡಣ್ಣ ಅನ್ನಬಹುದು. 1899ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಓಟದಲ್ಲಿ ವಿಶ್ವ ಚಾಂಪಿಯನ್ ಆದ. ಅವನ ದೇಶದಲ್ಲಿ ಎದುರಾಳಿಗಳು ಅವನನ್ನು ಸುತ್ತುಗಟ್ಟಿ ಬೀಳಿಸುತ್ತಿದ್ದರು, ಕೆಲವು ಊರಲ್ಲಿ ಉಳಿಯಲು ಹೋಟೆಲ್ ಕೊಡುತ್ತಿರಲಿಲ್ಲ. 1932ರಲ್ಲಿ ಷಿಕಾಗೊದಲ್ಲಿ ಬಡತನದಲ್ಲಿ ಸತ್ತಾಗ ಹೆಸರಿಲ್ಲದ ಗುಂಡಿಯಲ್ಲಿ ಹೂತರು. 1948ರಲ್ಲಿ ಹಳೆಯ ಸೈಕಲ್ ಪಟುಗಳು ಸೇರಿ ಅವನ ಶವ ತೆಗೆಸಿ ಮತ್ತೆ ಮರ್ಯಾದೆಯಿಂದ ಮಣ್ಣು ಮಾಡಿದರು. ಆ ಸಂಘದ ನಿಯಮವನ್ನು ಅಧಿಕೃತವಾಗಿ ಕಿತ್ತುಹಾಕಿದ್ದು ಯಾವಾಗ ಗೊತ್ತೇ? 1999ರಲ್ಲಿ. ಬರೆದದ್ದನ್ನು ಅಳಿಸಲು 105 ವರ್ಷ.

ಆಫ್ರಿಕಾದ ಎರಿಟ್ರಿಯಾ ಇಟಲಿಯ ವಸಾಹತು ಆಗಿತ್ತು. ಅಲ್ಲಿ ಸೈಕಲ್ ಪಂದ್ಯ ತಂದವರು ಇಟಲಿಯವರು. ಸ್ಥಳೀಯರು ತಮ್ಮ ಜತೆ ಓಡಿಸುವಂತಿಲ್ಲ ಎಂದಿದ್ದವರು 1939ರಲ್ಲಿ ಒಮ್ಮೆ ಒಟ್ಟಿಗೆ ಪಂದ್ಯ ಇಟ್ಟರು. ಗೆದ್ದದ್ದು ಸ್ಥಳೀಯನಾದ ಗೆಬ್ರೆಮರಿಯಂ ಗೆಬ್ರು. ಅದೇ ದೇಶದ ಬಿನಿಯಾಂ ಗಿರ್ಮಾಯ್ 2024ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ಹಂತ ಗೆದ್ದು ಹಸಿರು ಜೆರ್ಸಿ ತೊಟ್ಟ. ಆ ಪಂದ್ಯದಲ್ಲಿ ಒಂದು ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್ನನೂ ಅವನೇ. ಪಂದ್ಯ ಶುರುವಾದದ್ದು 1903ರಲ್ಲಿ.

ನಮ್ಮಲ್ಲಿ ಯಾವ ಸಂಘವೂ ಕೇರಿಯವರು ಸೈಕಲ್ ಹೊಡೆಯಬಾರದು ಎಂದು ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅಳಿಸುವುದೂ ಕಷ್ಟವಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಸಾರ್ವಜನಿಕ ರಸ್ತೆ ಬಳಸದಂತೆ ತಡೆದರೆ ಶಿಕ್ಷೆ ಎಂದಿತು. ಆದರೆ ರಸ್ತೆಗೆ ಬರಬೇಡ ಎಂದು ಯಾರು ಹೇಳಿದರು? ಇಳಿದು ನಡೆ ಎಂದರು, ಅಷ್ಟೇ. 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂತು. ಅದಕ್ಕೆ 2015ರಲ್ಲಿ ಸಂಸತ್ತು ತಿದ್ದುಪಡಿ ಮಾಡಿದಾಗ 3(1)ನೇ ಕಲಮಿಗೆ ಸೇರಿಸಿದ ಅಪರಾಧಗಳಲ್ಲಿ ಒಂದು ಹೀಗಿದೆ: ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಓಡಿಸುವುದನ್ನು, ಚಪ್ಪಲಿ ಅಥವಾ ಹೊಸ ಬಟ್ಟೆ ತೊಡುವುದನ್ನು, ಮದುವೆ ಮೆರವಣಿಗೆ ಹೊರಡಿಸುವುದನ್ನು, ಅದರಲ್ಲಿ ಕುದುರೆ ಏರುವುದನ್ನು ತಡೆಯುವುದು. ಶಿಕ್ಷೆ ಆರು ತಿಂಗಳಿಗೆ ಕಡಿಮೆ ಇಲ್ಲದೆ ಐದು ವರ್ಷದವರೆಗೆ ಜೈಲು, ಜತೆಗೆ ದಂಡ. ಜಾರಿಗೆ ಬಂದದ್ದು 2016ರ ಜನವರಿ 26ರಂದು.

ಒಮ್ಮೆ ಯೋಚಿಸಿ. ಮಂಗಳನ ಕಕ್ಷೆಗೆ ನಮ್ಮ ನೌಕೆ 2014ರಲ್ಲಿ ತಲುಪಿತ್ತು. ಅದಾದ ಮೇಲೆ, ಮನುಷ್ಯನೊಬ್ಬ ಸೈಕಲ್ ಹತ್ತುವುದನ್ನು ತಡೆಯಬಾರದು ಎಂದು ಕಾನೂನಿನಲ್ಲಿ 'ಸೈಕಲ್' ಎಂಬ ಪದ ಹಾಕಿಯೇ ಬರೆಯಬೇಕಾಯಿತು. ಎಲ್ಲೂ ನಡೆಯದಿದ್ದರೆ ಬರೆಯುತ್ತಿರಲಿಲ್ಲ.

ಸೈಕಲ್ಲನ್ನೇ ಉತ್ತರ ಮಾಡಿಕೊಂಡವರೂ ಇದ್ದಾರೆ. 1983ರಲ್ಲಿ ಕಾನ್ಶಿರಾಂ ತಮ್ಮ ಡಿಎಸ್4 ಸಂಘಟನೆಯ ಕಾರ್ಯಕರ್ತರ ಜತೆ ಉತ್ತರ ಭಾರತದ ರಾಜ್ಯಗಳಲ್ಲಿ ಸೈಕಲ್ ಜಾಥಾ ಹೊರಟರು. ಊರಿಂದೂರಿಗೆ ಇಳಿಯದೆ ಹೋಗುವುದೇ ಅಲ್ಲಿ ಅರ್ಧ ಭಾಷಣ. ಪಕ್ಕದ ತಮಿಳುನಾಡಿನ ಪುದುಕ್ಕೋಟೈನಲ್ಲಿ 1991ರಲ್ಲಿ ಅಕ್ಷರ ಆಂದೋಲನದ ಭಾಗವಾಗಿ ಕಲೆಕ್ಟರ್ ಷೀಲಾ ರಾಣಿ ಚುಂಕತ್ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸಲು ಶುರು ಮಾಡಿಸಿದರು. ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಕಲಿತರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಕೂಲಿಯವರು, ಅಂಗನವಾಡಿಯವರು. ಲೇಡೀಸ್ ಸೈಕಲ್ ಸಾಲದೆ ಜೆಂಟ್ಸ್ ಸೈಕಲ್ ಕೊಂಡರು, ಮುಂದಿನ ಬಾರಿನ ಮೇಲೆ ಮಗು ಕೂರಿಸಬಹುದು ಎಂದು ಅದನ್ನೇ ಇಷ್ಟಪಟ್ಟರು. ಅವರ ನಡತೆಯ ಬಗ್ಗೆ ಗಂಡಸರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ, ನಮ್ಮೂರಲ್ಲೂ ಕೇಳಿದ್ದೇವೆ.

ಕರ್ನಾಟಕದಲ್ಲಿ ದೊಡ್ಡ ಬದಲಾವಣೆ ತಂದದ್ದು ಎಂಟನೇ ಕ್ಲಾಸಿನ ಸೈಕಲ್. 2006–07ರಲ್ಲಿ ಶುರುವಾಯಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಆ ಸೈಕಲ್ಲಿನ ಗುಣಮಟ್ಟದ ಬಗ್ಗೆ ಬಂದ ದೂರುಗಳಿಗೆ ಲೆಕ್ಕವಿಲ್ಲ. ರಿಮ್ಮು ಬೆಂಡು, ನಟ್ಟು ಸಡಿಲ, ಮನೆಗೆ ಒಯ್ಯುವ ಮುಂಚೆ ಶಾಪಿಗೆ ಒಯ್ಯಬೇಕು. ಅದೆಲ್ಲ ನಿಜ. ಆದರೆ ಇನ್ನೊಂದು ಸಂಗತಿಯನ್ನು ಹೆಚ್ಚು ಜನ ಬರೆದಿಲ್ಲ. ಊರಿನ ಹುಡುಗಿಗೂ ಕಾಲೋನಿಯ ಹುಡುಗಿಗೂ ಒಂದೇ ಕಂಪನಿಯ, ಒಂದೇ ಬಣ್ಣದ, ಒಂದೇ ಎತ್ತರದ ಸೈಕಲ್ ಸಿಕ್ಕಿತು. ಅಜ್ಜ ಇಳಿದು ತಳ್ಳಿಕೊಂಡು ಹೋಗುತ್ತಿದ್ದಂಥ ಬೀದಿಯಲ್ಲಿ ಮೊಮ್ಮಗಳು ಬೆಲ್ ಹೊಡೆದುಕೊಂಡು, ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಹೋದಳು. ಸರ್ಕಾರ ಕೊಟ್ಟದ್ದು ಶಾಲೆಗೆ ಹೋಗಲು. ಶನಿವಾರ ಮಧ್ಯಾಹ್ನ ಕೆರೆ ಏರಿಯ ಮೇಲೆ ಅವರು ಹೊಡೆದದ್ದು ಸುಮ್ಮನೆ. ಕೊರೊನಾ ಕಾಲದಲ್ಲಿ ವಿತರಣೆ ನಿಂತಿತು.

ಸೈಕಲ್ ಕ್ರೀಡೆಯ ಮಾತು ಬಂದರೆ ಕರ್ನಾಟಕದ ಹೆಸರು ಉಳಿಸಿದವರು ಬೆಂಗಳೂರಿನವರಿಗಿಂತ ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮಕ್ಕಳು. ರೈತರ, ಕೂಲಿಯವರ ಮನೆಯವರು, ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಜಾತ್ರೆಯ ಸೈಕಲ್ ಪಂದ್ಯದಲ್ಲಿ ಸಾದಾ ಸೈಕಲ್ ಓಡಿಸಿ, ಕ್ರೀಡಾ ಹಾಸ್ಟೆಲ್ ಸೇರಿ, ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ವಿಜಯಪುರದ ವೆಲೋಡ್ರೋಮ್ ಕಟ್ಟುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಅಲ್ಲಿಯ ಮಕ್ಕಳೂ ಸುಮ್ಮನೆ ಹೊಡೆಯುವವರಲ್ಲ. ಗೆದ್ದರೆ ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸ, ಇಲ್ಲದಿದ್ದರೆ ಮತ್ತೆ ಹೊಲ.

ಇತ್ತ ಹೆದ್ದಾರಿಯ ಭಾನುವಾರದ ಸವಾರರ ಬಗ್ಗೆ ನಮಗೆ ಕೋಪವಿಲ್ಲ. ಅವರಲ್ಲಿ ಕೆಲವರು 'ಬ್ರೆವೆ' ಹೊಡೆಯುವವರು. 200 ಕಿಲೋಮೀಟರ್ ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರ್ 40 ಗಂಟೆಯಲ್ಲಿ ಮುಗಿಸಬೇಕು. ಪಂದ್ಯ ಅಲ್ಲ, ಬಹುಮಾನವಿಲ್ಲ, ಮೊದಲು ಬಂದವರ ಪಟ್ಟಿ ಇಲ್ಲ. ಯಾವ ಸೈಕಲ್ಲಾದರೂ ಆಗುತ್ತದೆ, ಹೆಲ್ಮೆಟ್ಟು ಲೈಟು ಇರಬೇಕು. ಜಾತಿ ಕೇಳುವವರೂ ಇಲ್ಲ. ಆದರೂ ಆ ಸಾಲಿನಲ್ಲಿ ಹಾಲಿನ ಕ್ಯಾನಿನವನ ಮಗ ಕಾಣುವುದಿಲ್ಲ. ಅವನಿಗೆ ಭಾನುವಾರ ಎಂಬುದೇ ಇಲ್ಲ, ಹಸು ಭಾನುವಾರವೂ ಹಾಲು ಕೊಡುತ್ತದೆ. ಇದ್ದ ಸೈಕಲ್ ಮಾರಿ ಕಂತಿನ ಮೇಲೆ ಬೈಕ್ ತಂದಾಗಿದೆ. ಸೈಕಲ್ ಎಂದರೆ ಬಡತನದ ಗುರುತು ಎಂದು ನಾವು ಬಿಟ್ಟ ಹೊತ್ತಿಗೇ ಪೇಟೆಯವರಿಗೆ ಅದು ಆರೋಗ್ಯದ ಗುರುತಾಯಿತು.

ತುರುವೇಕೆರೆ ಕಡೆಯಿಂದ ಮಾಯಸಂದ್ರ ದಾಟಿ ನಾಗಮಂಗಲಕ್ಕೆ ಹೋಗುವ ರಸ್ತೆಯ ಆಚೀಚೆ, ತೋಟದ ನಡುವಿನ ಸಣ್ಣ ರಸ್ತೆಗಳಲ್ಲಿ ಬೆಳಗಿನ ಆರು ಗಂಟೆಗೆ ಲಾರಿ ಕಾಟ ಇರುವುದಿಲ್ಲ. ಎಂಟನೇ ಕ್ಲಾಸಿನ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿ ಗಾಳಿ ಇಳಿದು ನಿಂತಿವೆ. ಟ್ಯೂಬ್ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟರೆ ಓಡುತ್ತವೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಅವರು ಮೊದಲು ಸೈಕಲ್ ಹತ್ತಿದ್ದು ಯಾವ ಊರಲ್ಲಿ, ಯಾರ ಬೀದಿಯಲ್ಲಿ ಇಳಿಯಬೇಕಿತ್ತು, ಅಥವಾ ಯಾರನ್ನು ಇಳಿಸುತ್ತಿದ್ದರು. ಹೇಳಿದ್ದನ್ನು ಬರೆದು ನಮಗೆ ಕಳಿಸಿದರೆ ಹೆಸರು ಹಾಕದೆ ಪ್ರಕಟಿಸುತ್ತೇವೆ.